ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೋರ್ಸ್‌ಗಳು: ಸಿಲಬಸ್ ಹಾಳೆ ಪಕ್ಕಕ್ಕಿಡಿ, ಆಡಿಯೋ ಎಷ್ಟು ಗಂಟೆ ಎಂದು ಕೇಳಿ

ವೈದ್ಯರು, ಹೆಚ್ಚಾಗಿ ಅಮೆರಿಕದವರು, ರೋಗಿಯ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ ಮಾತನ್ನು (ಡಿಕ್ಟೇಶನ್) ಕೇಳಿ ರಿಪೋರ್ಟಾಗಿ ಟೈಪ್ ಮಾಡುವ ಕೆಲಸ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಅದನ್ನು ಕಲಿಸುವ ಯಾವ ಸಂಸ್ಥೆಗೆ ಹೋದರೂ ಮೊದಲು ಕೈಗೆ ಸಿಗುವುದು ಸಿಲಬಸ್ ಹಾಳೆ. ಅನಾಟಮಿ, ಫಿಸಿಯಾಲಜಿ, ಮೆಡಿಕಲ್ ಟರ್ಮಿನಾಲಜಿ, ಫಾರ್ಮಕಾಲಜಿ, ಇಂಗ್ಲಿಷ್ ವ್ಯಾಕರಣ, ಟೈಪಿಂಗ್. ಈ ಹಾಳೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದನ್ನು ನೋಡಿ ಕೋರ್ಸ್ ಆರಿಸಲು ಬರುವುದಿಲ್ಲ. ಹಾಳೆಯಲ್ಲಿ ಇಲ್ಲದ ಎರಡು ಪ್ರಶ್ನೆ ಕೇಳಬೇಕು. ಕೋರ್ಸ್ ಮುಗಿಯುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ವೈದ್ಯರ ಡಿಕ್ಟೇಶನ್ ಎಷ್ಟು ಗಂಟೆ ಕೇಳಿ ಟೈಪ್ ಮಾಡಿರುತ್ತಾನೆ? ಆ ಫೈಲುಗಳನ್ನು ತಿದ್ದುವವರು ಯಾರು? ಈ ಎರಡಕ್ಕೆ ನೇರ ಉತ್ತರ ಕೊಡುವ ಕೋರ್ಸಿಗೆ ಹಣ ಕೊಡಬಹುದು. ಉತ್ತರ ಕೊಡದ ಕಡೆ ಎಷ್ಟೇ ಚೆಂದದ ಎ.ಸಿ. ತರಗತಿ ಇದ್ದರೂ ಬೇಡ.

ಟೈಪಿಂಗ್ ಸ್ಪೀಡ್ ಇದ್ದರೆ ಸಾಕು ಎಂದುಕೊಂಡು ಬರುವವರು ಬಹಳ. ಒಮ್ಮೆ ಲೆಕ್ಕ ಹಾಕಿ ನೋಡಿ. ಈ ಕೆಲಸದ ಅಳತೆ ಲೈನ್. ಸ್ಪೇಸ್ ಸೇರಿ 65 ಕ್ಯಾರೆಕ್ಟರ್‌ಗೆ ಒಂದು ಲೈನ್. ಹೊಸಬರಿಗೆ ದಿನಕ್ಕೆ 500 ಲೈನ್ ಗುರಿ ಕೊಟ್ಟರು ಎನ್ನಿ. ಅದು 32,500 ಕ್ಯಾರೆಕ್ಟರ್, ಸುಮಾರು 5,400 ಪದ. ಏಳು ಗಂಟೆ ಕೂತು ಮಾಡಿದರೆ ನಿಮಿಷಕ್ಕೆ 13 ಪದ ಮಾತ್ರ. ಮೂರು ತಿಂಗಳು ಟೈಪಿಂಗ್ ಕಲಿತ ಯಾರಿಗಾದರೂ ಇದು ನೀರು ಕುಡಿದಷ್ಟು ಸುಲಭ. ಆದರೂ ಹೊಸಬರು ಈ ಗುರಿ ಮುಟ್ಟಲು ಒದ್ದಾಡುತ್ತಾರೆ. ಕಾರಣ ಬೆರಳಲ್ಲ, ಕಿವಿ. ವೈದ್ಯರು ನಿಮಿಷಕ್ಕೆ ಸುಮಾರು 150 ಪದ ಹೇಳುತ್ತಾರೆ. ಹತ್ತು ನಿಮಿಷದ ಫೈಲಿನಲ್ಲಿ 1,500 ಪದ, ಅಂದರೆ 138 ಲೈನ್ ಆಸುಪಾಸು. 500 ಲೈನ್ ಎಂದರೆ 36 ನಿಮಿಷದ ಆಡಿಯೋ ಅಷ್ಟೇ. ಆ 36 ನಿಮಿಷವನ್ನು ಬಿಡಿಸಲು ಹೊಸಬರಿಗೆ ಇಡೀ ದಿನ ಹಿಡಿಯುತ್ತದೆ. ಪಳಗಿದವರು ಒಂದು ನಿಮಿಷದ ಆಡಿಯೋವನ್ನು ಮೂರು ನಾಲ್ಕು ನಿಮಿಷದಲ್ಲಿ ಮುಗಿಸುತ್ತಾರೆ. ಕಲಿಯುವವರಿಗೆ ಅದೇ ಕೆಲಸಕ್ಕೆ ಎಂಟು, ಹತ್ತು, ಕೆಲವೊಮ್ಮೆ ಹನ್ನೆರಡು ನಿಮಿಷ ಬೇಕು. ಈ ಅಂತರ ಕಡಿಮೆಯಾಗುವುದು ಕೇಳಿ ಕೇಳಿ ಮಾತ್ರ.

ಆದ್ದರಿಂದ ನಮ್ಮ ಅಳತೆಗೋಲು ಇದು: ಕೋರ್ಸಿನಲ್ಲಿ ಕನಿಷ್ಠ 40 ಗಂಟೆಯ ನಿಜವಾದ ಡಿಕ್ಟೇಶನ್ ಇರಬೇಕು. 40 ಗಂಟೆ ಎಂದರೆ 2,400 ನಿಮಿಷ. ಸರಾಸರಿ ಎಂಟು ಪಟ್ಟು ಸಮಯ ಎಂದು ಹಿಡಿದರೆ 320 ಗಂಟೆಯ ಅಭ್ಯಾಸ. ದಿನಕ್ಕೆ ನಾಲ್ಕು ಗಂಟೆ ಕೂತರೆ 80 ದಿನ. ಇದರ ಮೇಲೆ ಥಿಯರಿಗೆ ಎರಡು ತಿಂಗಳಾದರೂ ಬೇಕು. ಭಾನುವಾರ, ಹಬ್ಬ, ರಜೆ ಕಳೆದರೆ ಆರು ತಿಂಗಳು ಸರಿಯಾಗುತ್ತದೆ. ಮೂರು ತಿಂಗಳಲ್ಲಿ ಎಲ್ಲ ಮುಗಿಸಿ ಕೆಲಸ ಕೊಡಿಸುತ್ತೇವೆ ಎನ್ನುವವರ ಲೆಕ್ಕದಲ್ಲಿ ಈ 80 ದಿನ ಎಲ್ಲಿ ಹೋಯಿತು ಎಂದು ಅವರನ್ನೇ ಕೇಳಿ.

ಗಂಟೆಗಳ ಜೊತೆಗೆ ಬಗೆಯನ್ನೂ ನೋಡಬೇಕು. ಆಸ್ಪತ್ರೆಯ ಕೆಲಸದಲ್ಲಿ ನಾಲ್ಕು ರಿಪೋರ್ಟ್ ಮುಖ್ಯ: ಹಿಸ್ಟರಿ ಅಂಡ್ ಫಿಸಿಕಲ್ (ಕಾಯಿಲೆಯ ಹಿನ್ನೆಲೆ, ದೇಹ ಪರೀಕ್ಷೆ), ಕನ್ಸಲ್ಟೇಶನ್ (ಬೇರೆ ತಜ್ಞರ ಸಲಹೆ), ಆಪರೇಟಿವ್ ರಿಪೋರ್ಟ್ (ಆಪರೇಶನ್‌ನ ವಿವರ), ಡಿಸ್ಚಾರ್ಜ್ ಸಮರಿ (ಮನೆಗೆ ಕಳಿಸುವಾಗಿನ ಸಾರಾಂಶ). ಅನೇಕ ಕೋರ್ಸುಗಳು ಕ್ಲಿನಿಕ್‌ನ ಸಣ್ಣ ಸಣ್ಣ ಸೋಪ್ ನೋಟ್‌ಗಳಲ್ಲೇ (ಒಂದು ಭೇಟಿಯ ಚುಟುಕು ಟಿಪ್ಪಣಿ) ದಿನ ಕಳೆದುಬಿಡುತ್ತವೆ, ಏಕೆಂದರೆ ಅವು ಸುಲಭ. ಕಂಪನಿಯ ಪರೀಕ್ಷೆಯಲ್ಲಿ ಮುಂದೆ ಬಂದು ನಿಲ್ಲುವುದು ಆಪರೇಟಿವ್ ರಿಪೋರ್ಟ್. ಸರ್ಜನ್ 'ತ್ರೀ ಓ ವಿಕ್ರಿಲ್' ಎಂದರೆ ಬರೆಯಬೇಕಾದ್ದು 3-0 ವಿಕ್ರಿಲ್, ನಡುವೆ ಅಡ್ಡಗೆರೆ. ಅದು ಹೊಲಿಗೆ ದಾರದ ಅಳತೆ. 30 ಎಂದೋ 3.0 ಎಂದೋ ಟೈಪ್ ಮಾಡುವ ವಿದ್ಯಾರ್ಥಿಗೆ ಆಪರೇಶನ್ ಥಿಯೇಟರಿನಲ್ಲಿ ಏನು ನಡೆಯುತ್ತದೆ ಎಂದು ಯಾರೂ ಹೇಳಿಕೊಟ್ಟಿಲ್ಲ ಎಂದೇ ಅರ್ಥ. ಒಳ್ಳೆಯ ಕೋರ್ಸಿನಲ್ಲಿ ಪಿತ್ತಕೋಶ ತೆಗೆಯುವ ಲ್ಯಾಪರೋಸ್ಕೋಪಿಯ ರಿಪೋರ್ಟ್ ಟೈಪ್ ಮಾಡಿಸುವ ಮೊದಲು ಅದರ ವಿಡಿಯೋ ತೋರಿಸುತ್ತಾರೆ. ಕತ್ತರಿ ಎಲ್ಲಿ ಹೋಯಿತು, ಕ್ಲಿಪ್ ಎಲ್ಲಿ ಹಾಕಿದರು ಎಂದು ಕಣ್ಣಿಗೆ ಕಂಡ ಮೇಲೆ ಕಿವಿ ತಾನೇ ಚುರುಕಾಗುತ್ತದೆ.

ಕನ್ನಡದ ಕಿವಿಗೆ ಎಡವುವ ಜಾಗಗಳು ಬೇರೆಯೇ ಇವೆ. ಇವುಗಳ ಬಗ್ಗೆ ಪ್ರತ್ಯೇಕವಾಗಿ ಕೆಲಸ ಮಾಡಿಸುವ ಕೋರ್ಸಿಗೆ ನಾವು ಹೆಚ್ಚು ಅಂಕ ಕೊಡುತ್ತೇವೆ. ಅಮೆರಿಕದವರ ಬಾಯಲ್ಲಿ ಥರ್ಟಿ ಎನ್ನುವುದು 'ಥರ್ಡಿ' ಎಂದು ಕೇಳುತ್ತದೆ. ಥರ್ಟೀನ್ ಎನ್ನುವಾಗ ಟಕಾರ ಗಟ್ಟಿಯಾಗಿ ಬಿದ್ದು ಒತ್ತು ಕೊನೆಗೆ ಹೋಗುತ್ತದೆ. ಕೊನೆಯ 'ನ್' ಹುಡುಕುತ್ತ ಕೂತರೆ ಅದು ಗದ್ದಲದಲ್ಲಿ ಸಿಗುವುದಿಲ್ಲ, ಒತ್ತು ಎಲ್ಲಿದೆ ಎಂದು ಕೇಳಬೇಕು. ಕ್ಯಾನ್ ಮತ್ತು ಕಾಂಟ್ ಇನ್ನೂ ಕಷ್ಟ. ಅವರು ಹೌದು ಎನ್ನುವ ಕ್ಯಾನನ್ನು 'ಕನ್' ಎಂದು ನುಂಗಿ ಮುಂದೆ ಹೋಗುತ್ತಾರೆ. ಇಲ್ಲ ಎನ್ನುವುದನ್ನು 'ಕ್ಯಾನ್' ಎಂದು ಎಳೆದು ಕೊನೆಯ ಟಕಾರವನ್ನು ಗಂಟಲಲ್ಲೇ ನಿಲ್ಲಿಸುತ್ತಾರೆ. ಸ್ಪಷ್ಟವಾಗಿ 'ಕ್ಯಾನ್' ಎಂದು ಕೇಳಿಸಿದ್ದು ಬಹಳ ಸಲ ಕಾಂಟ್ ಆಗಿರುತ್ತದೆ. ನಡೆಯಲಾರದ ರೋಗಿ ನಡೆಯಬಲ್ಲವನಾಗಿಬಿಡುವುದು ಹೀಗೆ.

ಇನ್ನೊಂದು, 'ಎಫೆಬ್ರೈಲ್'. ಒಟ್ಟಿಗೆ ಬರೆದರೆ ಜ್ವರ ಇಲ್ಲ, ಎ ಬಿಡಿಸಿ ಬರೆದರೆ ಜ್ವರ ಇದೆ. ಎಸಿಂಪ್ಟಮ್ಯಾಟಿಕ್ ಕಥೆಯೂ ಅದೇ. ಕನ್ನಡದಲ್ಲಿ ಎ, ಆನ್, ದಿ ಇಲ್ಲದ್ದರಿಂದ ನಮ್ಮ ಕಿವಿ ಆ ಸಣ್ಣ ಶಬ್ದಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಆ ಒಂದು ಶಬ್ದದ ಮೇಲೆ ಇಡೀ ವಾಕ್ಯ ನಿಂತಿರುತ್ತದೆ. ಸೊಂಟದ ಮೂಳೆಯ ಇಲಿಯಮ್‌ಗೂ ಕರುಳಿನ ಇಲಿಯಮ್‌ಗೂ ಉಚ್ಚಾರ ಒಂದೇ, ಸ್ಪೆಲ್ಲಿಂಗ್‌ನಲ್ಲಿ ಒಂದು ಅಕ್ಷರ ವ್ಯತ್ಯಾಸ. ಡಿಸ್ಫೇಜಿಯಾ ನುಂಗುವ ತೊಂದರೆ, ಡಿಸ್ಫೇಸಿಯಾ ಮಾತಿನ ತೊಂದರೆ. ಹೈಡ್ರಾಲಜೀನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜೀನ್ ತುರಿಕೆಗೂ ಆತಂಕಕ್ಕೂ. ಸೆಲೆಬ್ರೆಕ್ಸ್ ನೋವಿಗೆ, ಸೆಲೆಕ್ಸಾ ಖಿನ್ನತೆಗೆ, ಸೆರೆಬಿಕ್ಸ್ ಫಿಟ್ಸ್‌ಗೆ. ಇವುಗಳನ್ನು ಕಿವಿಯಿಂದ ಮಾತ್ರ ಬೇರ್ಪಡಿಸಲಾಗದು. ರೋಗಿಗೆ ಏನು ಕಾಯಿಲೆ ಎಂಬುದು ತಲೆಯಲ್ಲಿದ್ದರೆ ಮಾತ್ರ ಸರಿಯಾದ ಔಷಧ ಬೆರಳಿಗೆ ಬರುತ್ತದೆ. ಫಾರ್ಮಕಾಲಜಿಯನ್ನು ಪಟ್ಟಿ ಬಾಯಿಪಾಠ ಮಾಡಿಸಿ ಮುಗಿಸುವ ಕೋರ್ಸಿಗೂ, ಪ್ರತಿ ಔಷಧವನ್ನು ಕಾಯಿಲೆಗೆ ಕಟ್ಟಿ ಕಲಿಸುವ ಕೋರ್ಸಿಗೂ ಇರುವ ವ್ಯತ್ಯಾಸ ಇಲ್ಲೇ ಗೊತ್ತಾಗುವುದು.

ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಆಗುವುದಿಲ್ಲ ಎಂದು ಕೆಲವು ಕೌನ್ಸೆಲರ್‌ಗಳು ಮೊದಲೇ ಹೆದರಿಸುತ್ತಾರೆ. ಅದು ಸರಿಯಲ್ಲ. ರಿಪೋರ್ಟಿನ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷ್ ಅಲ್ಲ. ವಾಕ್ಯಗಳು ಚಿಕ್ಕವು, ಮತ್ತೆ ಮತ್ತೆ ಬರುವ ಸಾಲುಗಳೇ ಹೆಚ್ಚು. ದಿನಕ್ಕೆ ಐದು ರಿಪೋರ್ಟ್ ಗಟ್ಟಿಯಾಗಿ ಓದುವ ಅಭ್ಯಾಸ ಎರಡು ತಿಂಗಳು ನಡೆದರೆ ಆ ಶೈಲಿ ಮೈಗೂಡುತ್ತದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ್ದರೆ ಅರ್ಧ ದಾರಿ ಬಂದಂತೆ.

ತಪ್ಪಾದರೆ ಏನಾಗುತ್ತದೆ ಎಂಬುದನ್ನು ಪ್ರತಿ ವಿದ್ಯಾರ್ಥಿಗೂ ಮೊದಲ ವಾರವೇ ಹೇಳಬೇಕು. 2008ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಒಂದು ಆಸ್ಪತ್ರೆಯಿಂದ ಬಿಡುಗಡೆಯಾದ ಮಧುಮೇಹಿ ರೋಗಿಯ ಡಿಸ್ಚಾರ್ಜ್ ಸಮರಿ ಟೈಪಾಗಿದ್ದು ಭಾರತದಲ್ಲಿ. ಲೆವೆಮಿರ್ ಇನ್ಸುಲಿನ್ 8 ಯೂನಿಟ್ ಇರಬೇಕಾದಲ್ಲಿ 80 ಎಂದು ಬಿತ್ತು. ಅದನ್ನೇ ನಂಬಿ ಮುಂದಿನ ಆರೈಕೆ ಕೇಂದ್ರದಲ್ಲಿ 80 ಯೂನಿಟ್ ಕೊಟ್ಟರು, ರೋಗಿ ಉಳಿಯಲಿಲ್ಲ. 2012ರಲ್ಲಿ ಜ್ಯೂರಿ 14 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಒಂದು ಸೊನ್ನೆ. ಜಾಯಿಂಟ್ ಕಮಿಷನ್ ಎಂಬ ಅಮೆರಿಕದ ಆಸ್ಪತ್ರೆ ಮಾನ್ಯತಾ ಸಂಸ್ಥೆಯ 'ಬಳಸಬೇಡಿ' ಪಟ್ಟಿ ಇಂಥದ್ದೇ ತಪ್ಪುಗಳನ್ನು ತಡೆಯಲು ಇರುವುದು. ಯೂನಿಟ್ ಎನ್ನಲು ಬರಿಯ ಯು ಅಕ್ಷರ ಬರೆದರೆ ಅದು ಸೊನ್ನೆಯಂತೆ ಕಂಡು 8 ಹೋಗಿ 80 ಆಗುತ್ತದೆ, ಆದ್ದರಿಂದ ಪೂರ್ತಿ ಪದ ಬರೆಯಬೇಕು. 1 ಮಿಲಿಗ್ರಾಮನ್ನು 1.0 ಎಂದು ಬರೆಯಬಾರದು, ಚುಕ್ಕೆ ಕಾಣದಿದ್ದರೆ ಹತ್ತಾಗುತ್ತದೆ. ಅರ್ಧ ಮಿಲಿಗ್ರಾಮಿಗೆ ಮುಂದೆ ಸೊನ್ನೆ ಹಾಕಿ 0.5 ಎನ್ನಲೇಬೇಕು. ದಿನಕ್ಕೊಮ್ಮೆ ಎನ್ನಲು ಕ್ಯೂಡಿ ಬೇಡ, ಡೈಲಿ ಎಂದು ಬರೆಯಿರಿ. ನೋಡಲು ಹೋದ ಸಂಸ್ಥೆಯ ಬೋಧಕರನ್ನು ಈ ಪಟ್ಟಿಯ ಬಗ್ಗೆ ಕೇಳಿ. ನಿಂತಲ್ಲೇ ನಾಲ್ಕು ಉದಾಹರಣೆ ಕೊಟ್ಟರೆ ಅವರು ಕೆಲಸ ಮಾಡಿ ಬಂದವರು.

ಇನ್ನು ತಿದ್ದುವ ವಿಚಾರ. ಇದೇ ಕೋರ್ಸಿನ ಜೀವ. ಒಬ್ಬ ಹಳೆಯ ವಿದ್ಯಾರ್ಥಿಯ ತಿದ್ದಿದ ಫೈಲ್ ಒಂದನ್ನು ತೋರಿಸಿ ಎಂದು ಕೇಳಿ. ಅದರಲ್ಲಿ ಬರಿ ಕೆಂಪು ಗೆರೆ ಇದೆಯೇ, ಇಲ್ಲ ಪ್ರತಿ ತಪ್ಪಿನ ಪಕ್ಕ ಕಾರಣ ಬರೆದಿದೆಯೇ ನೋಡಿ. ಕಂಪನಿಗಳಲ್ಲಿ ತಪ್ಪುಗಳಿಗೆ ದರ್ಜೆ ಇದೆ. ಔಷಧ, ಪ್ರಮಾಣ, ಎಡ ಬಲ, ಇದೆ ಇಲ್ಲ, ಇವು ಕ್ರಿಟಿಕಲ್. ಪದ ಬಿಟ್ಟುಹೋದದ್ದು, ಸ್ಪೆಲ್ಲಿಂಗ್ ಮುಂತಾದವು ಅದರ ಕೆಳಗೆ. ಕಾಮಾ ಕೊನೆಗೆ. ಸಾಮಾನ್ಯವಾಗಿ ಕೇಳುವ ಗುಣಮಟ್ಟ 98 ಶೇಕಡಾ ಮತ್ತು ಮೇಲೆ. ನೂರು ಲೈನಿನ ರಿಪೋರ್ಟಿನಲ್ಲಿ ಒಂದೊಂದು ಅಂಕದ ಎರಡು ತಪ್ಪಾದರೆ ಗಡಿಗೆ ಬಂದಂತೆ. ಎಲ್ಲ ತಪ್ಪಿಗೂ ಒಂದೇ ಅಂಕ ಕಳೆಯುವ ಸಂಸ್ಥೆ ಕಾಮಾವನ್ನೂ ಇನ್ಸುಲಿನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದೆ, ಅಲ್ಲಿ ಕಲಿತವರ ಗಮನ ಕಾಮಾದ ಮೇಲೇ ಇರುತ್ತದೆ.

ಬ್ಲಾಂಕ್ ಬಗ್ಗೆಯೂ ಕೇಳಿ. ಮೂರು ಸಲ ಕೇಳಿದರೂ ಅರ್ಥವಾಗದ ಪದವನ್ನು ಊಹಿಸಿ ಬರೆಯಬಾರದು. ಖಾಲಿ ಗೆರೆ ಬಿಟ್ಟು, ಆಡಿಯೋದ ಎಷ್ಟನೇ ನಿಮಿಷ ಸೆಕೆಂಡು ಎಂದು ಗುರುತು ಹಾಕಬೇಕು. ಖಾಲಿ ಬಿಟ್ಟರೆ ಬೈಯುವ, ಊಹಿಸಿದ್ದು ಸರಿಯಾದರೆ ಹೊಗಳುವ ಬೋಧಕರು ವಿದ್ಯಾರ್ಥಿಗೆ ಅಪಾಯಕಾರಿ ಚಟ ಹತ್ತಿಸುತ್ತಾರೆ. ಬ್ಲಾಂಕ್ ಬಿಟ್ಟದ್ದಕ್ಕೆ ಬೈಗುಳ ಸಿಗಬಾರದು, ಆದರೆ ಅದೇ ಪದ ಮುಂದಿನ ವಾರವೂ ಬ್ಲಾಂಕ್ ಆಗಿದ್ದರೆ ಏಕೆ ಎಂದು ಕೇಳುವವರು ಇರಬೇಕು.

ಲ್ಯಾಬ್ ನೋಡದೆ ಹಣ ಕಟ್ಟಬೇಡಿ. ಪ್ರತಿ ಸೀಟಿನ ಕೆಳಗೆ ಫುಟ್ ಪೆಡಲ್ ಇರಬೇಕು. ಯುಎಸ್‌ಬಿ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ನಡುವಿನದು ಪ್ಲೇ, ಎಡದ್ದು ಹಿಂದಕ್ಕೆ, ಬಲದ್ದು ಮುಂದಕ್ಕೆ. ಕಾಲು ತೆಗೆದರೆ ನಿಂತು, ಮತ್ತೆ ಒತ್ತಿದಾಗ ಒಂದೆರಡು ಸೆಕೆಂಡು ಹಿಂದಿನಿಂದ ಶುರುವಾಗುವಂತೆ ಹೊಂದಿಸಿರಬೇಕು. ಪೆಡಲ್ ಇಲ್ಲದೆ ಮೌಸ್‌ನಲ್ಲಿ ನಿಲ್ಲಿಸಿ ಹಾಕಿ ಕಲಿತವರಿಗೆ ಆ ರೂಢಿ ಬಿಡಿಸುವುದೇ ಒಂದು ತಿಂಗಳ ಕೆಲಸ. ಎಕ್ಸ್‌ಪ್ರೆಸ್ ಸ್ಕ್ರೈಬ್‌ನಂಥ ಸಾಫ್ಟ್‌ವೇರ್‌ನಲ್ಲಿ ಎಫ್9 ಒತ್ತಿದರೆ ಪ್ಲೇ, ಎಫ್4 ನಿಲ್ಲಿಸಲು, ಎಫ್7 ಹಿಂದಕ್ಕೆ. ಮನೆಯಲ್ಲಿ ಪೆಡಲ್ ಬರುವವರೆಗೆ ಈ ಕೀಗಳಿಂದ ನಡೆಸಬಹುದು. ಜೊತೆಗೆ ಎಕ್ಸ್‌ಪ್ಯಾಂಡರ್ ಕಲಿಸುತ್ತಾರೆಯೇ ಕೇಳಿ. ನಾಲ್ಕು ಅಕ್ಷರ ಒತ್ತಿದರೆ ಇಡೀ ಸಾಲು ಮೂಡುವ ಈ ಸೌಲಭ್ಯವೇ ಲೈನ್ ಲೆಕ್ಕದ ಸಂಬಳದವರಿಗೆ ಅನ್ನ. ಬೇರೇನೂ ಇಲ್ಲದಿದ್ದರೆ ವರ್ಡ್‌ನ ಆಟೋಕರೆಕ್ಟ್‌ನಲ್ಲೇ ಮಾಡಬಹುದು.

ಹೆಡ್‌ಫೋನ್ ಹಾಕಿ ಅವರ ಎರಡು ಮೂರು ಫೈಲ್ ಕೇಳಿಬಿಡಿ. ಸ್ವಚ್ಛವಾದ ಧ್ವನಿಯಲ್ಲಿ ಯಾರೋ ಪುಸ್ತಕ ಓದಿದಂತಿದ್ದರೆ ಅದು ಸಂಸ್ಥೆಯವರೇ ಓದಿಸಿ ಮಾಡಿದ್ದು. ನಿಜವಾದ ಡಿಕ್ಟೇಶನ್‌ನಲ್ಲಿ ವಾರ್ಡಿನ ಸದ್ದು, ಪೇಜರ್, ಊಟ ಮಾಡುತ್ತ ಮಾತಾಡುವ ಬಾಯಿ, ಹೇಳಿದ್ದನ್ನು ಮಧ್ಯದಲ್ಲೇ ತಿದ್ದಿಕೊಳ್ಳುವುದು ಎಲ್ಲ ಇರುತ್ತದೆ. ಅಮೆರಿಕದ ವೈದ್ಯರಲ್ಲಿ ಭಾರತ, ಚೀನಾ, ಲ್ಯಾಟಿನ್ ಅಮೆರಿಕದಿಂದ ಹೋದವರು ಅನೇಕರು. ಆ ಉಚ್ಚಾರಗಳೂ ಇರಬೇಕು. ಇನ್ನೊಂದನ್ನು ಗಮನವಿಟ್ಟು ಕೇಳಿ: ಫೈಲಿನಲ್ಲಿ ರೋಗಿಯ ಹೆಸರು, ಜನ್ಮದಿನಾಂಕ, ಮೆಡಿಕಲ್ ರೆಕಾರ್ಡ್ ನಂಬರ್ ಕೇಳಿಸುತ್ತಿದೆಯೇ? ರೋಗಿಯ ಗೋಪ್ಯತೆ ಕಾಯುವ, ಅಮೆರಿಕದ 1996ರ ಹಿಪಾ ಕಾಯ್ದೆಯ ನಿಯಮಗಳಡಿ ಗುರುತು ಅಳಿಸಲು ತೆಗೆಯಬೇಕಾದ 18 ಬಗೆಯ ವಿವರಗಳ ಪಟ್ಟಿ ಇದೆ. ಅಳಿಸದ ಫೈಲುಗಳನ್ನು ತರಗತಿಯಲ್ಲಿ ಹಾಕುವ ಕಡೆ ಗೋಪ್ಯತೆ ಪಾಠ ಹೇಗಿರುತ್ತದೆ ಎಂದು ಊಹಿಸಬಹುದು. ಅಂಥ ಕಡೆಯಿಂದ ಎದ್ದು ಬನ್ನಿ.

ಈಗ ಯಾವ ಬಗೆಯ ತರಬೇತಿ ಯಾರಿಗೆ ಎಂಬ ವಿಚಾರ.

ನಮ್ಮ ಮೊದಲ ಆಯ್ಕೆ ಕಂಪನಿಗಳೇ ನಡೆಸುವ ಒಳ ತರಬೇತಿ. ಬೆಂಗಳೂರು 1990ರ ದಶಕದಿಂದ ಈ ಕೆಲಸ ಮಾಡುತ್ತ ಬಂದ ಊರು. ಹೊಸಬರನ್ನು ತೆಗೆದುಕೊಂಡು ತಾವೇ ತಯಾರು ಮಾಡುವ ಪದ್ಧತಿ ಇಲ್ಲಿ ಹಳೆಯದು. ಆಡಿಯೋ ನಿಜವಾದದ್ದು, ತಿದ್ದುವವರು ಆ ಕೆಲಸದಲ್ಲೇ ಇರುವ ಎಡಿಟರ್‌ಗಳು, ಕಲಿತದ್ದು ಮರುದಿನವೇ ಬಳಕೆಗೆ ಬರುತ್ತದೆ. ಎಚ್ಚರ ಬೇಕಾದ್ದು ಒಪ್ಪಂದದಲ್ಲಿ. ಬಾಂಡ್ ಎಷ್ಟು ತಿಂಗಳು, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು, ತರಬೇತಿಯಲ್ಲಿ ಸ್ಟೈಪೆಂಡ್ ಇದೆಯೇ, ಪರೀಕ್ಷೆ ಪಾಸಾಗದಿದ್ದರೆ ಏನು ಎಂಬುದೆಲ್ಲ ಬರವಣಿಗೆಯಲ್ಲಿರಲಿ. ಎಸ್ಸೆಸ್ಸೆಲ್ಸಿ, ಪದವಿಯ ಮೂಲ ಅಂಕಪಟ್ಟಿ ಯಾರ ಕೈಗೂ ಒಪ್ಪಿಸಬೇಡಿ, ಜೆರಾಕ್ಸ್ ಸಾಕು. ಪಾಳಿಯ ಬಗ್ಗೆಯೂ ಕೇಳಿ. ಚಳಿಗಾಲದಲ್ಲಿ ನ್ಯೂಯಾರ್ಕ್‌ನ ಸಂಜೆ ಐದು ನಮಗೆ ನಸುಕಿನ ಮೂರೂವರೆ. ಅಲ್ಲಿ ದಿನದ ಕೊನೆಗೆ ಹೇಳಿದ್ದನ್ನು ಇಲ್ಲಿ ಬೆಳಿಗ್ಗೆ ಆರರ ಪಾಳಿಯವರು ಎತ್ತಿಕೊಂಡರೆ ಅಲ್ಲಿನ ವೈದ್ಯರು ಏಳುವಷ್ಟರಲ್ಲಿ ಸಿದ್ಧ. ಆದರೆ ತುರ್ತು ಫೈಲುಗಳಿಗೆ ರಾತ್ರಿ ಪಾಳಿಯೂ ಇರುತ್ತದೆ.

ಖಾಸಗಿ ಇನ್‌ಸ್ಟಿಟ್ಯೂಟ್‌ಗಳಲ್ಲಿ ಗುಣಮಟ್ಟ ಅಜಗಜಾಂತರ. ಮೇಲೆ ಹೇಳಿದ ಎಲ್ಲ ಪರೀಕ್ಷೆಗಳೂ ಮುಖ್ಯವಾಗಿ ಇವುಗಳಿಗಾಗಿಯೇ.

ಅಮೆರಿಕದ ದೂರ ಶಿಕ್ಷಣ ಕೋರ್ಸುಗಳಲ್ಲಿ ಪೆನ್ ಫಾಸ್ಟರ್, ಕರಿಯರ್ ಸ್ಟೆಪ್ ಬಹುಕಾಲದಿಂದ ಕೇಳಿಬರುವ ಹೆಸರುಗಳು. ಅಲ್ಲಿನ ಕೆಲವು ಕಮ್ಯುನಿಟಿ ಕಾಲೇಜುಗಳಲ್ಲೂ ಈ ಕೋರ್ಸ್ ಇತ್ತು. ಬೇಡಿಕೆ ಇಳಿದಂತೆ ಹಲವು ಕಡೆ ಇದು ಮೆಡಿಕಲ್ ಕೋಡಿಂಗ್ (ಕಾಯಿಲೆ, ಚಿಕಿತ್ಸೆಗೆ ಸಂಕೇತ ಹಾಕುವ ಕೆಲಸ) ಅಥವಾ ಸ್ಕ್ರೈಬ್ (ವೈದ್ಯರ ಪರವಾಗಿ ನೋಟ್ ಬರೆಯುವ ಕೆಲಸ) ಕೋರ್ಸಿನೊಳಗೆ ಸೇರಿಹೋಗಿದೆ, ಆದ್ದರಿಂದ ಟ್ರಾನ್ಸ್‌ಕ್ರಿಪ್ಷನ್‌ಗೇ ಸೀಟು ಕೊಡುತ್ತಿದ್ದಾರೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಡಾಲರ್ ಲೆಕ್ಕದ ಫೀಸು ಕೊಟ್ಟು ಇದನ್ನು ಮಾಡುವುದು ಕರ್ನಾಟಕದಲ್ಲಿ ಕುಳಿತವರಿಗೆ ಬೇಡ ಎಂದೇ ನಮ್ಮ ಅಭಿಪ್ರಾಯ. ಇಲ್ಲಿನ ಕಂಪನಿಗಳು ನೋಡುವುದು ಪ್ರವೇಶ ಪರೀಕ್ಷೆಯ ಫೈಲನ್ನು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಅರ್ಥವಿದೆ. ಆದರೆ ಅಲ್ಲಿನ ಅನೇಕ ಜಾಹೀರಾತುಗಳು ಆಸ್ಪತ್ರೆ ಕೆಲಸದ ಎರಡು ವರ್ಷದ ಅನುಭವ ಕೇಳುತ್ತವೆ, ಹೊಸಬರನ್ನು ತೆಗೆದುಕೊಳ್ಳುವ ಕಂಪನಿ ಯಾವುದು ಎಂದು ಕೋರ್ಸಿನವರಿಂದ ಹೆಸರು ಪಡೆಯಿರಿ. ಸಂಗಾತಿಯ ಕೆಲಸದ ವೀಸಾ ಆಧಾರದ ಎಚ್-4 ವೀಸಾದಲ್ಲಿದ್ದು ಇಎಡಿ ಎಂಬ ದುಡಿಯುವ ಅನುಮತಿ ಪತ್ರ ಸಿಗದವರು ಮನೆಯಲ್ಲಿ ಕೂತು ಮಾಡುವ ಕೆಲಸವೆಂದು ಇದಕ್ಕೆ ಹಣ ಹಾಕಬೇಡಿ. ಕಲಿಯಲು ಅಡ್ಡಿಯಿಲ್ಲ, ದುಡಿಯಲು ಅನುಮತಿ ಬೇಕು.

ಪಿಯುಸಿ ಮುಗಿಸಿ ಮೂರು ನಾಲ್ಕು ವರ್ಷ ಕೈಯಲ್ಲಿರುವವರಿಗೆ ಬೇರೆ ಸಲಹೆ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ಹೆಲ್ತ್ ಇನ್‌ಫರ್ಮೇಶನ್ ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಪದವಿ, ಸ್ನಾತಕೋತ್ತರ ಎರಡೂ ಇವೆ. ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನಡಿ ಮೆಡಿಕಲ್ ರೆಕಾರ್ಡ್ಸ್ ಡಿಪ್ಲೊಮಾ ಇದೆ. ಟ್ರಾನ್ಸ್‌ಕ್ರಿಪ್ಷನ್ ಅವುಗಳಲ್ಲಿ ಒಂದು ತುಂಡು ಮಾತ್ರ, ಆದರೆ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗ, ಕೋಡಿಂಗ್ ಎಂದು ಬಾಗಿಲು ಹೆಚ್ಚು ತೆರೆಯುತ್ತವೆ.

ಯಾವುದನ್ನು ಆರಿಸಿದರೂ ಈ ಮಾತನ್ನು ಮುಚ್ಚಿಡಬಾರದು: ಬರಿಯ ಕೇಳಿ ಟೈಪ್ ಮಾಡುವ ಕೆಲಸ ಇಳಿಮುಖದಲ್ಲಿದೆ. 2009ರ ಹೈಟೆಕ್ ಕಾಯ್ದೆಯ ನಂತರ ಅಮೆರಿಕದ ಆಸ್ಪತ್ರೆಗಳು ಎಲೆಕ್ಟ್ರಾನಿಕ್ ರೆಕಾರ್ಡ್‌ಗೆ ತಿರುಗಿದವು. ಹೇಳುವ ಬದಲು ವೈದ್ಯರು ಪರದೆಯ ಮೇಲೆ ಕ್ಲಿಕ್ ಮಾಡತೊಡಗಿದರು. ಆಮೇಲೆ ಯಂತ್ರವೇ ಮಾತನ್ನು ಅಕ್ಷರಕ್ಕಿಳಿಸುವುದು ಬಂತು. ಈ ರಂಗದ ದೊಡ್ಡ ಹೆಸರಾದ ನ್ಯೂಯಾನ್ಸ್ 2022ರಲ್ಲಿ ಮೈಕ್ರೋಸಾಫ್ಟ್ ಕೈಸೇರಿತು. ಈಗ ರೋಗಿ ಮತ್ತು ವೈದ್ಯರ ಸಂಭಾಷಣೆ ಕೇಳಿಸಿಕೊಂಡು ನೋಟ್ ಬರೆಯುವ ತಂತ್ರಾಂಶಗಳು ಬಂದಿವೆ. ಆದ್ದರಿಂದ ಕೆಲಸದ ಹೆಸರು ಇಂದು ಎಡಿಟರ್, ಸ್ಕ್ರೈಬ್, ಕ್ವಾಲಿಟಿ ಅನಲಿಸ್ಟ್ ಎಂದು ಬದಲಾಗಿದೆ. ಅಭ್ಯಾಸದ ಸಮಯದಲ್ಲಿ ಮೂರನೇ ಒಂದು ಭಾಗವಾದರೂ ಯಂತ್ರ ಬರೆದ ಕರಡನ್ನು ತಿದ್ದಲು ಮೀಸಲಿಡದ ಕೋರ್ಸ್ ಹತ್ತು ವರ್ಷ ಹಿಂದಿನದು.

ತಿದ್ದುವುದು ಟೈಪಿಂಗ್‌ಗಿಂತ ಸುಲಭ ಎಂದು ಭಾವಿಸಿ ಅದಕ್ಕೆ ಲೈನ್ ದರ ಕಡಿಮೆ ಕೊಡುತ್ತಾರೆ. ನಿಜವಾಗಿ ಅದು ಬೇರೆಯೇ ಕಷ್ಟ. ಮನುಷ್ಯನ ತಪ್ಪು ಕಣ್ಣಿಗೆ ಚುಚ್ಚುತ್ತದೆ, ಯಂತ್ರದ ತಪ್ಪು ನುಣುಪಾಗಿರುತ್ತದೆ. ಸ್ಪೆಲ್ಲಿಂಗ್ ಸರಿ, ವ್ಯಾಕರಣ ಸರಿ, 'ನೋ' ಎಂಬ ಒಂದೇ ಪದ ಮಾಯ. 'ಎದೆ ನೋವಿಲ್ಲ' ಎಂಬುದು 'ಎದೆ ನೋವು' ಆಗಿ ಕೂತಿರುತ್ತದೆ, ಓದುತ್ತ ಹೋದವರಿಗೆ ಗೊತ್ತೇ ಆಗದು. ಓಪನ್‌ಎಐನ ವಿಸ್ಪರ್ ತಂತ್ರಾಂಶದ ಮೇಲೆ 2024ರಲ್ಲಿ ಬಂದ ಅಧ್ಯಯನವೊಂದರಲ್ಲಿ ಸುಮಾರು 1 ಶೇಕಡಾ ತುಣುಕುಗಳಲ್ಲಿ ಯಾರೂ ಹೇಳದ ಮಾತು ಸೇರಿಕೊಂಡಿದ್ದು ಕಂಡುಬಂತು. ಮಾತಿನ ನಡುವೆ ಮೌನ ಹೆಚ್ಚಿದ್ದ ಕಡೆ ಅದು ಜಾಸ್ತಿ. ಒಳ್ಳೆಯ ಬೋಧಕರು ಬೇಕೆಂದೇ ಹತ್ತು ತಪ್ಪು ಹುದುಗಿಸಿದ ಕರಡು ಕೊಟ್ಟು, ಆಡಿಯೋ ನಿಲ್ಲಿಸದೆ ಕೇಳುತ್ತ ಹಿಡಿಯಲು ಹೇಳುತ್ತಾರೆ. ಮೊದಲ ದಿನ ನಾಲ್ಕೈದು ಸಿಕ್ಕರೆ ಹೆಚ್ಚು. ಇಂಥ ಅಭ್ಯಾಸ ಇದೆಯೇ ಎಂದು ಕೇಳಿ.

ಗೋಡೆಯ ಮೇಲಿನ ಪ್ಲೇಸ್‌ಮೆಂಟ್ ಪಟ್ಟಿಯಿಂದಲೂ ಕೋರ್ಸಿನ ವಯಸ್ಸು ತಿಳಿಯಬಹುದು. ಎಂ-ಮೋಡಲ್ ಎಂಬ ಟ್ರಾನ್ಸ್‌ಕ್ರಿಪ್ಷನ್ ಕಂಪನಿಯ ಹೆಸರು ಇನ್ನೂ 'ನಮ್ಮ ಪಾಲುದಾರರು' ಎಂದಿದ್ದರೆ ಗಮನಿಸಿ. ಆ ಕಂಪನಿಯ ತಂತ್ರಜ್ಞಾನ ವಿಭಾಗ 2019ರಲ್ಲಿ 3ಎಂಗೆ ಹೋಯಿತು, ಸೇವಾ ವಿಭಾಗ ಅಕ್ವಿಟಿ ಎಂದಾಯಿತು, 2023ರಲ್ಲಿ ಅದನ್ನೂ ಮುಂಬೈಯ ಐಕೆಎಸ್ ಹೆಲ್ತ್ ಕೊಂಡಿತು. ಕಳೆದ ಹನ್ನೆರಡು ತಿಂಗಳಲ್ಲಿ ಸೇರಿದ ಮೂವರ ಜೊತೆ ಮಾತಾಡಿಸಿ ಎನ್ನಿ. ಸರ್ಟಿಫಿಕೇಟ್ ವಿಷಯದಲ್ಲಿ, ಅಮೆರಿಕದ ವೃತ್ತಿ ಸಂಘ ಎಎಚ್‌ಡಿಐ ರೂಪಿಸಿದ ಆರ್‌ಎಚ್‌ಡಿಎಸ್ ಮತ್ತು ಸಿಎಚ್‌ಡಿಎಸ್ ಈ ರಂಗದಲ್ಲಿ ಬೆಲೆಯುಳ್ಳವು. ಮೊದಲನೆಯದು ಹೊಸಬರಿಗೆ, ಎರಡನೆಯದು ಅನುಭವಿಗಳಿಗೆ. ಹಳೆಯ ಪುಸ್ತಕಗಳಲ್ಲಿ ಇವೇ ಆರ್‌ಎಂಟಿ, ಸಿಎಂಟಿ. ಇಲ್ಲಿ ಮೊದಲ ಕೆಲಸಕ್ಕೆ ಅವು ಬೇಕಿಲ್ಲ. ಸಂಸ್ಥೆ ತಾನೇ ಅಚ್ಚು ಹಾಕಿ ಕೊಡುವ 'ಅಂತರರಾಷ್ಟ್ರೀಯ' ಪ್ರಮಾಣಪತ್ರಕ್ಕೆ ಬೇರೆ ಹಣ ಕೇಳಿದರೆ ಕೊಡಬೇಡಿ.

ಫೀಸನ್ನು ತಿಂಗಳ ಲೆಕ್ಕದಲ್ಲಿ ಹೋಲಿಸಬೇಡಿ, ಆಡಿಯೋ ಗಂಟೆಗೆ ಎಷ್ಟು ಬಿತ್ತು ಎಂದು ಭಾಗಿಸಿ. 30,000 ರೂಪಾಯಿಗೆ 50 ಗಂಟೆ ಕೊಡುವ ಕಡೆ ಗಂಟೆಗೆ 600 ರೂಪಾಯಿ, 18,000ಕ್ಕೆ 10 ಗಂಟೆ ಕೊಡುವ ಕಡೆ 1,800. ಅಗ್ಗ ಯಾವುದು ಎಂದು ಆಗ ಕಾಣುತ್ತದೆ. ಕಂತಿನಲ್ಲಿ ಕಟ್ಟಿ, ಪ್ರತಿ ಕಂತಿಗೂ ರಸೀದಿ ಪಡೆಯಿರಿ, ಮರುಪಾವತಿ ಷರತ್ತು ಬರವಣಿಗೆಯಲ್ಲಿ ಕೇಳಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇದಕ್ಕಿಂತ ಕೆಟ್ಟದ್ದು ಕೋರ್ಸಿನ ಹೆಸರೂ ಇಲ್ಲದೆ ಬರುವ 'ಮನೆಯಲ್ಲೇ ಮೆಡಿಕಲ್ ಟೈಪಿಂಗ್' ಸಂದೇಶ. ಮೊದಲು ನೋಂದಣಿ ಶುಲ್ಕ, ನಂತರ ಓದಲಾಗದ ಸ್ಕ್ಯಾನ್ ಪುಟಗಳು, ಕೆಲಸ ಮುಗಿಸಿ ಕೊಟ್ಟ ಮೇಲೆ ಗುಣಮಟ್ಟ ಸಾಲದು ಎಂಬ ಉತ್ತರ, ಅದರ ಹಿಂದೆಯೇ ವಕೀಲರ ನೋಟಿಸ್ ಎಂದು ಹೆದರಿಸುವ ಕಾಗದ. ಆ ನೋಟಿಸ್‌ಗೆ ಹೆದರಿ ಹಣ ಕಳಿಸಬೇಡಿ. 1930ಕ್ಕೆ ಕರೆ ಮಾಡಿ ಸೈಬರ್ ದೂರು ಕೊಡಿ. ನಿಜವಾದ ಕಂಪನಿ ಕೆಲಸ ಕೊಡಲು ನಿಮ್ಮಿಂದ ಹಣ ಕೇಳುವುದಿಲ್ಲ, ಮತ್ತು ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ಇರುವುದು ಆಡಿಯೋ, ಸ್ಕ್ಯಾನ್ ಪುಟವಲ್ಲ.

ಯಾರಿಗೂ ಒಂದು ರೂಪಾಯಿ ಕೊಡುವ ಮುಂಚೆ ಮೂವತ್ತು ದಿನ ಮನೆಯಲ್ಲಿ ಹೀಗೆ ಮಾಡಿ ನೋಡಿ. ಓಪನ್‌ಸ್ಟ್ಯಾಕ್ಸ್‌ನ ಅನಾಟಮಿ ಅಂಡ್ ಫಿಸಿಯಾಲಜಿ ಪಠ್ಯ ಅಂತರ್ಜಾಲದಲ್ಲಿ ಉಚಿತ, ದಿನಕ್ಕೆ ಹತ್ತು ಪುಟ ಓದಿ. ಎಂಟಿ ಸ್ಯಾಂಪಲ್ಸ್ ತಾಣದಲ್ಲಿ ಸುಮಾರು 5,000 ಮಾದರಿ ರಿಪೋರ್ಟ್‌ಗಳು ಉಚಿತವಾಗಿವೆ. ಅವುಗಳಲ್ಲೂ ತಪ್ಪುಗಳಿರುತ್ತವೆ, ಅನುಮಾನ ಬಂದ ಪದವನ್ನು ಮೆಡಿಕಲ್ ಡಿಕ್ಷನರಿಯಲ್ಲಿ ನೋಡಿ. ನೀವು ಓದದ ಒಂದು ರಿಪೋರ್ಟನ್ನು ಫೋನಿನ ಓದುವ ಸೌಲಭ್ಯಕ್ಕೆ ಕೊಟ್ಟು ಅಮೆರಿಕನ್ ಧ್ವನಿ ಆರಿಸಿ. ಅದನ್ನು ಕೇಳುತ್ತ ವರ್ಡ್‌ನಲ್ಲಿ ಟೈಪ್ ಮಾಡಿ. ಮುಗಿದ ಮೇಲೆ ರಿವ್ಯೂ ಮೆನುವಿನ ಕಂಪೇರ್ ಒತ್ತಿ, ಮೂಲದ ಜೊತೆ ಹೋಲಿಸಿ. ಪ್ರತಿ ವ್ಯತ್ಯಾಸವೂ ಕೆಂಪಾಗಿ ಬರುತ್ತದೆ. ತಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಮಾಡಿ ಬರೆಯಿರಿ: ಕೇಳಿಸಿದ್ದು, ಇದ್ದದ್ದು, ತಿಳಿಯಬೇಕಿದ್ದ ಸುಳಿವು. ಫೋನಿನ ಧ್ವನಿ ನಿಜವಾದ ವೈದ್ಯರಿಗಿಂತ ಬಹಳ ಸ್ಪಷ್ಟ, ಆದ್ದರಿಂದ ಇದು ಕೆಲಸದ ಅಳತೆಯಲ್ಲ, ನಿಮ್ಮ ತಾಳ್ಮೆಯ ಅಳತೆ. ಮೂವತ್ತನೇ ದಿನ ಐದು ನಿಮಿಷದ ಓದನ್ನು ಒಂದು ಗಂಟೆಯೊಳಗೆ ಮುಗಿಸಿ, ಕೆಂಪು ಗುರುತು ಹತ್ತಕ್ಕಿಂತ ಕಡಿಮೆ ಇದ್ದರೆ ಆ ನೋಟ್‌ಬುಕ್ ಹಿಡಿದುಕೊಂಡು ಹೋಗಿ, ಹಣ ಕಟ್ಟುವ ಮೊದಲು ಒಂದು ದಿನ ತರಗತಿಯಲ್ಲಿ ಕೂರಲು ಬಿಡಿ ಎಂದು ಕೇಳಿ.